ಪಡುವಣ ಬಿಸಿಲಿಗೆ ತಿರುಗುವ ಪಟ್ಟಿಗಳು

ಪ್ರಶ್ನೆ: ತುಮಕೂರಿನ ಶಿರಾ ಗೇಟ್ ಬಳಿ ನಾವು ಕಟ್ಟಿಸುತ್ತಿರುವ ಮನೆಯ ಮುಖ ಪಶ್ಚಿಮಕ್ಕಿದ್ದು, ಸಂಜೆ ಬಿಸಿಲು ನೇರವಾಗಿ ಹಾಲಿಗೆ ನುಗ್ಗುತ್ತದೆ. ಬಿಸಿಲಿಗೆ ತಕ್ಕಂತೆ ತಾವಾಗಿಯೇ ತೆರೆದು ಮುಚ್ಚುವ ಹೊರಮೈಯುಳ್ಳ ಕಟ್ಟಡಗಳ ಬಗ್ಗೆ ಓದಿದ್ದೇನೆ. ಅಂತಹ ವ್ಯವಸ್ಥೆ ಸಾಧಾರಣ ಮನೆಗೆ ಹೊಂದುವುದೇ? ಹಬ್ಬಕ್ಕೆ ಒಂದೇ ಹಾಲ್ ಆಗಿ, ಉಳಿದ ದಿನ ಎರಡು ಕೋಣೆಗಳಾಗಿ ಬಳಸುವಂತೆ ಮಾಡಬಹುದೇ?
– ಓದುಗರೊಬ್ಬರು, ತುಮಕೂರು

ಉತ್ತರ: ಖಂಡಿತ ಹೊಂದುತ್ತದೆ, ಆದರೆ ಮೋಟಾರು, ಸೆನ್ಸರುಗಳಿಲ್ಲದೆ ಕೈಯಿಂದಲೇ ನಡೆಸುವಂತಿರಲಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಅಬುಧಾಬಿಯಲ್ಲಿ 2012ರಲ್ಲಿ ಪೂರ್ಣಗೊಂಡ ಅಲ್ ಬಹರ್ ಜೋಡಿ ಗೋಪುರಗಳಲ್ಲಿ, ಗಾಜಿನಿಂದ ಸುಮಾರು 2 ಮೀಟರ್ ಮುಂದೆ, ಒಂದೊಂದು ಗೋಪುರಕ್ಕೂ ಸಾವಿರಕ್ಕೂ ಹೆಚ್ಚು ಮಡಚುವ ಘಟಕಗಳಿದ್ದು, ಸೂರ್ಯ ಸರಿದಂತೆ ಅವು ಕೊಡೆಯ ಹಾಗೆ ಬಿಚ್ಚಿಕೊಳ್ಳುತ್ತವೆ. ಇದರಿಂದ ನಾವು ಕಲಿಯಬೇಕಾದದ್ದು, ನೆರಳು ಗಾಜಿನ ಹೊರಗೇ ಬೀಳಬೇಕೆಂಬುದು. ಬಿಸಿಲು ಗಾಜನ್ನು ದಾಟಿ ಬಂದ ಮೇಲೆ ಒಳಗಿನ ಪರದೆಯೇ ಕಾದು, ಆ ಶಾಖವನ್ನು ಕೋಣೆಗೆ ಬಿಡುತ್ತದೆ. ಪ್ಯಾರಿಸಿನ ಅರಬ್ ಜಗತ್ತಿನ ಸಂಸ್ಥೆಯ ಕಟ್ಟಡದಲ್ಲಿ (1987) ವಾಸ್ತುಶಿಲ್ಪಿ ಜ್ಯಾಂ ನುವೆಲ್ ಕ್ಯಾಮೆರಾ ಕಣ್ಣಿನಂತೆ ಹಿಗ್ಗಿ ಕುಗ್ಗುವ ಕಿಂಡಿಗಳನ್ನು ಅಳವಡಿಸಿದರು. ಅತ್ಯಂತ ಸುಂದರವಾದ ಆ ಯಂತ್ರಗಳಲ್ಲಿ ಹಲವು ಕ್ರಮೇಣ ಕೆಟ್ಟು ನಿಂತವು. ಅಂತಹ ಸಂಸ್ಥೆಗೇ ಕಷ್ಟವಾದ ನಿರ್ವಹಣೆಯನ್ನು ಒಂದು ಕುಟುಂಬದ ಮೇಲೆ ಹೇರುವುದು ಸರಿಯೆಂದು ನನಗೆ ತೋರುವುದಿಲ್ಲ.

ಕಿಟಕಿಯ ಮೇಲಿನ ಸಜ್ಜಾ ನೆತ್ತಿಯ ಬಿಸಿಲನ್ನು ತಡೆಯುತ್ತದೆಯಾದರೂ, ಇಳಿಹೊತ್ತಿನ ಬಿಸಿಲು ಅದರ ಕೆಳಗಿನಿಂದ ನುಸುಳುತ್ತದೆ. ಸೂರ್ಯ ಬೇಸಿಗೆಯಲ್ಲಿ ವಾಯವ್ಯದತ್ತಲೂ ಡಿಸೆಂಬರಿನಲ್ಲಿ ನೈರುತ್ಯದತ್ತಲೂ ಸರಿದು ಮುಳುಗುವುದರಿಂದ, ಬಿಸಿಲಿಗೆ ಅಡ್ಡವಾಗಿ ಒಂದೇ ಕೋನದಲ್ಲಿ ಬಿಗಿದ ಪಟ್ಟಿಗಳು ವರ್ಷವಿಡೀ ನೆರವಾಗಲಾರವು. ಆದ್ದರಿಂದ ಕಿಟಕಿಯ ಹೊರಗೆ, ಮೇಲೆ ಕೆಳಗೆ ಕೀಲುಳ್ಳ ನೆಟ್ಟನೆಯ ಪಟ್ಟಿಗಳನ್ನು ನಿಲ್ಲಿಸಿ, ಅವೆಲ್ಲವನ್ನೂ ಒಂದು ಸರಳಿಗೆ ಜೋಡಿಸಿ, ಒಂದೇ ಹಿಡಿಯಿಂದ ತಿರುಗಿಸುವಂತೆ ಮಾಡಿಸಿ. ಪಟ್ಟಿಗಳು ತೆಳುವಾದ ಅಲ್ಯೂಮಿನಿಯಂನದಾಗಿದ್ದರೆ ಮಕ್ಕಳೂ ತಿರುಗಿಸಬಲ್ಲರು. ಒಳ್ಳೆಯ ಮರವಾದರೂ ಆದೀತು. ಆಷಾಢದ ಗಾಳಿ ಪಡುವಣದಿಂದಲೇ ಬೀಸುವುದರಿಂದ ಗಟ್ಟಿಯಾದ ಚಿಲಕ ಬೇಕೇ ಬೇಕು. ಅಮೆರಿಕದ ಮಿಲ್ವಾಕೀ ಕಲಾ ಸಂಗ್ರಹಾಲಯದ ಮೇಲೆ ನೆರಳಿಗಾಗಿ ತೆರೆದು ಮುಚ್ಚುವ ಬೃಹತ್ ರೆಕ್ಕೆಗಳು ಕೂಡ ಗಾಳಿ ಗಂಟೆಗೆ ಸುಮಾರು 37 ಕಿ.ಮೀ. ಮೀರಿದರೆ ಮುಚ್ಚಿಕೊಳ್ಳುತ್ತವೆ.

ಹಾಲಿನ ವಿಷಯ ಇದಕ್ಕಿಂತ ಸುಲಭ. ನೆದರ್ಲೆಂಡ್ಸಿನ ಉಟ್ರೆಕ್ಟಿನಲ್ಲಿ ವಾಸ್ತುಶಿಲ್ಪಿ ರೀಟ್‌ವೆಲ್ಡ್ 1924ರಲ್ಲಿ ಕಟ್ಟಿದ ಶ್ರೋಡರ್ ಮನೆಯ ಮಹಡಿ ಸರಿಯುವ ಗೋಡೆಗಳಿಂದ ಕೋಣೆಗಳಾಗುತ್ತದೆ, ಅವನ್ನು ಸರಿಸಿದರೆ ಒಂದೇ ಹಾಲ್ ಆಗುತ್ತದೆ. ನಿಮ್ಮಲ್ಲಿಯೂ ಹಾಗೆಯೇ ಮಾಡಬಹುದು. ನೆಲದ ಹಳಿಯಲ್ಲಿ ದೂಳು ಕೂರುತ್ತದೆಯಾದ್ದರಿಂದ ಸರಿಯುವ ಬಾಗಿಲುಗಳನ್ನು ಮೇಲಿನಿಂದ ತೂಗುಹಾಕಿಸಿ. ಆ ಭಾರವನ್ನು ತೊಲೆ ತಾಳುವಂತೆ ಲೆಕ್ಕಹಾಕಲು ಮೋಲ್ಡ್ ಹಾಕುವ ಮೊದಲೇ ಎಂಜಿನಿಯರರಿಗೆ ತಿಳಿಸಿ.