ತಂದೆಗಿಂತ ಎರಡು ವರ್ಷ ದೊಡ್ಡ ಮಗ

ಬದಿಯಡ್ಕ ಕಡೆಯ ಓದುಗರೊಬ್ಬರ ಪತ್ರದ ಸಾರ: ಬೈಬಲ್ ಅಧ್ಯಯನ ಕೂಟದಲ್ಲಿ ಕಾಲೇಜು ಹುಡುಗನೊಬ್ಬ ಯೆಹೂದದ ಅರಸ ಅಹಜ್ಯನ ವಯಸ್ಸು, ದಾವೀದ ಕೊಂಡ ಕಣದ ಬೆಲೆ, ಯೇಸುವನ್ನು ಹಿಡಿದುಕೊಟ್ಟ ಯೂದನ ಸಾವು ಈ ಮೂರನ್ನು ಮುಂದಿಟ್ಟು, "ಇಷ್ಟಿದ್ದೂ ಸತ್ಯವೇದ ದೋಷರಹಿತ ಅಂತ ಹೇಗೆ ಹೇಳ್ತೀರಿ?" ಎಂದು ಕೇಳಿದ. ಹಿರಿಯರು "ನಂಬಿಕೆ ಇದ್ದರೆ ಸಾಕು" ಎಂದು ಅವನನ್ನು ಕೂರಿಸಿದರು. ನಿಮ್ಮ ಉತ್ತರವೇನು?

ಸಹೋದರರೇ, ಹುಡುಗನನ್ನು ಕೂರಿಸಬಾರದಿತ್ತು. ಅವನು ಎತ್ತಿದ ಮೂರೂ ಬೇರೆ ಬೇರೆ ಜಾತಿಯ ತೊಡಕುಗಳು, ಬಿಡಿಬಿಡಿಯಾಗಿಯೇ ನೋಡಬೇಕು.

ಮೊದಲು ಅಹಜ್ಯ. ಪಟ್ಟಕ್ಕೆ ಬಂದಾಗ ಅವನಿಗೆ 22 ವರ್ಷ ಎನ್ನುತ್ತದೆ 2 ಅರಸುಗಳು 8:26. ಆದರೆ 2 ಪೂರ್ವಕಾಲವೃತ್ತಾಂತ 22:2ರ ಹೀಬ್ರೂ ಪಾಠದಲ್ಲಿ 42. ಸ್ವಲ್ಪ ಹಿಂದೆ 21:20 ನೋಡಿ: ಅಪ್ಪ ಯೆಹೋರಾಮ 32ಕ್ಕೆ ಪಟ್ಟವೇರಿ 8 ವರ್ಷ ಆಳಿ ತೀರಿಕೊಂಡ. 40ಕ್ಕೆ ಸತ್ತವನ ಮಗನಿಗೆ, ಅದೂ ಕಿರಿಯ ಮಗನಿಗೆ, 42! ಒಂದೇ ಪುಸ್ತಕ ಎರಡು ವಚನಗಳ ಅಂತರದಲ್ಲಿ ಹೀಗೆ ಹೇಳುವಾಗ ನಕಲು ಮಾಡಿದವರ ಕೈತಪ್ಪನ್ನೇ ಮೊದಲು ಶಂಕಿಸಬೇಕು. ಹಳೆಯ ಸಿರಿಯಾಕ್ ಭಾಷಾಂತರದಲ್ಲಿ 22 ಎಂದೇ ಇದೆ. ಇಂಗ್ಲಿಷಿನ ಹಳೆಯ ಕಿಂಗ್ ಜೇಮ್ಸ್ ಭಾಷಾಂತರ 42 ಉಳಿಸಿಕೊಂಡಿತು, ಈಚಿನ ಎನ್‌ಐವಿ 22 ಹಾಕಿ ಅಡಿಟಿಪ್ಪಣಿ ಕೊಟ್ಟಿತು. 20ನ್ನು ಸೂಚಿಸುವ ಕಾಫ್ ಅಕ್ಷರ 40ನ್ನು ಸೂಚಿಸುವ ಮೇಮ್‌ನಂತೆ ಕಂಡು ತಪ್ಪಾಯಿತು ಎಂದು ಬೋಧಕರು ಹೇಳುವುದುಂಟು. ಅದನ್ನು ಖಚಿತವೆಂದು ಹೇಳಬೇಡಿ. ನಮಗೆ ಸಿಕ್ಕಿರುವ ಹೀಬ್ರೂ ಬೈಬಲ್ ಹಸ್ತಪ್ರತಿಗಳಲ್ಲಿ ಸಂಖ್ಯೆಗಳನ್ನು ಪದಗಳಲ್ಲೇ ಬರೆದಿದೆ. 42 ಎಂದರೆ ಅಹಜ್ಯನ ತಾಯಿಯ ಕಡೆಯ ಒಮ್ರಿಯ ಮನೆತನದ ವಯಸ್ಸು ಎಂಬ ಇನ್ನೊಂದು ವಿವರಣೆಯಂತೂ ಬರೀ ಹರಸಾಹಸ.

ನಿಮ್ಮ ಕಡೆಯವರಿಗೆ ಇದು ಬೇಗ ತಿಳಿಯುತ್ತದೆ. ಕಾಸರಗೋಡು ಕೇರಳಕ್ಕೆ ಸೇರಿದ 1956ಕ್ಕೆ ಮೊದಲಿನ ಕನ್ನಡ ಆಧಾರವನ್ನೂ (ಜಮೀನಿನ ಕ್ರಯಪತ್ರ) ಆಮೇಲಿನ ಮಲಯಾಳಂ ಆಧಾರವನ್ನೂ ಎದುರು ಹರಡಿಕೊಂಡು ಕೂತಾಗ 22 ಸೆಂಟ್ಸ್ ಒಂದರಲ್ಲಿ 42 ಆಗಿದ್ದರೆ, ಜಾಗವೇ ಇಲ್ಲ ಎಂದು ಯಾರೂ ಎದ್ದು ಹೋಗುವುದಿಲ್ಲ. ಅದಕ್ಕೂ ಹಿಂದಿನ ಕಾಗದ ತೆಗೆದು ಚಕ್ಕುಬಂದಿ ನೋಡುತ್ತಾರೆ.

ದೋಷರಹಿತ ಎನ್ನುವವರೂ ಇದನ್ನು ಬಲ್ಲರು. ಬೈಬಲ್ ದೋಷರಹಿತವೆಂದು ಇವ್ಯಾಂಜೆಲಿಕಲ್ ಪಂಡಿತರು ಸಾರಿದ 1978ರ ಶಿಕಾಗೋ ಹೇಳಿಕೆಯ 10ನೇ ಕಲಮು ಆ ಮಾತನ್ನು ಮೂಲಪ್ರತಿಗಳಿಗಷ್ಟೇ ಕಟ್ಟುತ್ತದೆ; ಸ್ಥೂಲ ಸಂಖ್ಯೆಗಳು, ಆಧುನಿಕ ನಿಖರತೆಯ ಕೊರತೆ ಇವೆಲ್ಲ ತಪ್ಪಲ್ಲ ಎನ್ನುತ್ತದೆ 13ನೆಯದು. "ಮೂಲಪ್ರತಿ ಒಂದೂ ಉಳಿದಿಲ್ಲವಲ್ಲ?" ಎಂದು ಹುಡುಗ ಮತ್ತೆ ಕೇಳಿಯಾನು. ಕೇಳಲಿ. ಆ ಸಿದ್ಧಾಂತವನ್ನು ಪರೀಕ್ಷಿಸಿ ನೋಡಲು ದಾರಿಯಿಲ್ಲ, ಅದರ ದುರ್ಬಲ ಜಾಗ ಅದೇ ಎಂದು ಒಪ್ಪಿಕೊಳ್ಳಿ. ಬೇಳ ಚರ್ಚಿನ ನಿಮ್ಮ ಕಥೋಲಿಕ ನೆರೆಯವರು ಎರಡನೇ ವ್ಯಾಟಿಕನ್ ಮಹಾಸಭೆಯ 1965ರ ದಸ್ತಾವೇಜು ಡೇಯಿ ವೆರ್ಬುಮ್ ತೋರಿಸಿಯಾರು: ನಮ್ಮ ರಕ್ಷಣೆಗಾಗಿ ದೇವರು ಬರೆಯಿಸಿದ ಸತ್ಯವನ್ನು ಧರ್ಮಗ್ರಂಥ ತಪ್ಪಿಲ್ಲದೆ ಕಲಿಸುತ್ತದೆ ಎಂದು ಅದರಲ್ಲಿದೆ. ಅರಸನ ವಯಸ್ಸು ಆ ಸತ್ಯದೊಳಗೆ ಬರುತ್ತದೆಯೇ ಎಂಬ ಚರ್ಚೆ ಅವರಲ್ಲೂ ಇದೆ.

ಕಣದ ವಿಷಯಕ್ಕೆ ನಕಲಿನ ತಪ್ಪು ಎಂಬ ಉತ್ತರ ಸಾಲದು. 2 ಸಮುವೇಲ 24:24ರಲ್ಲಿ ಕಣಕ್ಕೂ ಎತ್ತುಗಳಿಗೂ 50 ಶೆಕೆಲ್ (ಆ ಕಾಲದ ತೂಕ) ಬೆಳ್ಳಿ. 1 ಪೂರ್ವಕಾಲವೃತ್ತಾಂತ 21:25ರಲ್ಲಿ "ಸ್ಥಳಕ್ಕೆ" 600 ಶೆಕೆಲ್ ಬಂಗಾರ. ಅಡಿಕೆ ಒಣಗಿಸುವ ಅಂಗಳಕ್ಕೆ ಒಂದು ಕ್ರಯ, ಸುತ್ತಲಿನ ಇಡೀ ಜಾಗಕ್ಕೆ ಇನ್ನೊಂದು ಎಂಬಂತೆ ವಿವರಿಸುವುದು ವಾಡಿಕೆ. ಆಗಬಹುದಾದದ್ದೇ. ಆದರೆ ಅದೇ ಅಧ್ಯಾಯದ 22ನೇ ವಚನದಲ್ಲಿ ದಾವೀದ ಕೇಳುವುದು "ಕಣದ ಸ್ಥಳ"ವನ್ನು. ಎರಡು ಕ್ರಯ ನಡೆಯಿತೆಂದು ಎಲ್ಲೂ ಬರೆದಿಲ್ಲ. ದೇವಾಲಯ ಎದ್ದದ್ದು ಅಲ್ಲೇ ಎಂದು ಮುಂದೆ ಬರೆಯಲಿರುವ ಲೇಖಕನಿಗೆ ಆ ನೆಲದ ಬೆಲೆ ದೊಡ್ಡದಾಗಿಯೇ ಕಂಡಿರಬೇಕೆಂಬುದು ನಮ್ಮ ಊಹೆ.

ಯೂದ ನೇಣು ಹಾಕಿಕೊಂಡ, ಹೊಲ ಕೊಂಡವರು ಯಾಜಕರು ಎನ್ನುತ್ತಾನೆ ಮತ್ತಾಯ; ಯೂದನೇ ಹೊಲ ಕೊಂಡು, ಬಿದ್ದು ಹೊಟ್ಟೆಯೊಡೆದು ಸತ್ತ ಎನ್ನುತ್ತದೆ ಅಪೊಸ್ತಲರ ಕೃತ್ಯಗಳು. ಇದಕ್ಕೆ "ನೇಣಿನ ಹಗ್ಗ ಹರಿದು ಬಿದ್ದ" ಎಂದು ಹೇಳಿ ಮುಗಿಸುವವರೇ ಹೆಚ್ಚು. ಮುಂದಿನ ಕೂಟದಲ್ಲಿ ಮತ್ತಾಯ 27:3-8, ಅಪೊಸ್ತಲರ ಕೃತ್ಯಗಳು 1:18-19 ಎರಡನ್ನೂ ಆ ಹುಡುಗನಿಂದಲೇ ಓದಿಸಿ, ಮೂರು ಪ್ರಶ್ನೆ ಬರೆದಿಡಿ: ಹೇಗೆ ಸತ್ತ? ಹೊಲ ಕೊಂಡವರು ಯಾರು? "ರಕ್ತದ ಹೊಲ" ಎಂಬ ಹೆಸರೇಕೆ? ಹಗ್ಗದ ಮಾತು ಮೊದಲನೆಯದಕ್ಕೆ ಮಾತ್ರ ಸಲ್ಲುತ್ತದೆ. ಎರಡನೆಯದಕ್ಕೆ, ಯಾಜಕರು ಕೊಂಡದ್ದು ಅವನ ಹಣದಿಂದಲೇ ತಾನೇ ಎನ್ನಬಹುದು. ಮೂರನೆಯದರಲ್ಲಿ ಮತ್ತಾಯನಿಗೆ ಅದು ಯೇಸುವಿನ ರಕ್ತದ ಕ್ರಯ, ಕೃತ್ಯಗಳನ್ನು ಬರೆದ ಲೂಕನಿಗೆ ಯೂದ ಹೊಟ್ಟೆಯೊಡೆದು ಸತ್ತ ಜಾಗ. ಇದನ್ನು ಒಗ್ಗೂಡಿಸುವ ಉತ್ತರ ನಮಗೆ ಹಿಡಿಸಿದ್ದು ಒಂದೂ ಇಲ್ಲ. ಅವನಿಗೆ ಹಾಗೆಂದೇ ಹೇಳಿ.

– ಸಂಪಾದಕ