ಸೀರಿಯಲ್ ಕ್ಲಿಪ್ ಹಾಕಿ ವಿಡಿಯೊ ಪ್ರಬಂಧ ಮಾಡಿದ್ರೆ ತಪ್ಪಾ?

ಪ್ರಶ್ನೆ: ಮೇಡಂ, ನಾನು ಎಂಎ ಪತ್ರಿಕೋದ್ಯಮ ಓದ್ತಿದೀನಿ. ಕನ್ನಡ ಸೀರಿಯಲ್‌ಗಳಲ್ಲಿ ಅಡುಗೆಮನೇನ ಹೇಗೆ ತೋರಿಸ್ತಾರೆ ಅಂತ 9 ನಿಮಿಷದ ವಿಡಿಯೊ ಮಾಡಿ ಯೂಟ್ಯೂಬ್‌ಗೆ ಹಾಕಿದೆ, ಒಂದೇ ಗಂಟೇಲಿ ಕಾಪಿರೈಟ್ ಕ್ಲೇಮ್ ಬಂತು. ಯಾವ ಕ್ಲಿಪ್ಪೂ 10 ಸೆಕೆಂಡ್ ದಾಟಿಲ್ಲ. ಡಿಲೀಟ್ ಮಾಡ್ಲಾ? ಗೈಡ್ ಬೇರೆ ಇದು ರಿಸರ್ಚೇ ಅಲ್ಲ ಅಂತಾರೆ.

ಉತ್ತರ: ಡಿಲೀಟ್ ಮಾಡ್ಬೇಡಿ. ಮೊದಲು ಆ 10 ಸೆಕೆಂಡ್ ಲೆಕ್ಕ ತಲೆಯಿಂದ ತೆಗೆದುಬಿಡಿ, ನಮ್ಮ ಕಾನೂನಲ್ಲಿ ಅಂಥ ಲೆಕ್ಕಾನೇ ಇಲ್ಲ. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಹೇಳೋದು ಇಷ್ಟು: ವಿಮರ್ಶೆಗೆ, ಸ್ವಂತ ಸಂಶೋಧನೆಗೆ ಅಂತ ಬೇರೆಯವರ ಕೃತೀನ ನ್ಯಾಯವಾಗಿ ಬಳಸ್ಕೊಂಡ್ರೆ ಅದು ಉಲ್ಲಂಘನೆ ಅಲ್ಲ. ನಮ್ಮ ಹುಡುಗರು ವಿಡಿಯೊ ಕೆಳಗೆ ಅಮೆರಿಕದ 107ನೇ ಸೆಕ್ಷನ್ ಅಂತ ಕಾಪಿ ಪೇಸ್ಟ್ ಮಾಡ್ತಾರಲ್ಲ, ಅದು ಅವರ ದೇಶದ ಕಾನೂನು, ನೀವು 52 ಅಂತಾನೇ ಬರೀರಿ.

ನ್ಯಾಯವಾಗಿ ಅಂದ್ರೆ ಏನು ಅನ್ನೋದೇ ಮುಖ್ಯ. ಪ್ರತಿ ಕ್ಲಿಪ್‌ಗೂ ನಿಮ್ಮನ್ನೇ ಕೇಳ್ಕೊಳ್ಳಿ, ಇದನ್ನ ತೆಗೆದ್ರೆ ನನ್ನ ವಾದ ಬೀಳುತ್ತಾ ಅಂತ. ಅತ್ತೆ ಬಾಗಿಲಲ್ಲಿ ನಿಂತಾಗ ಕ್ಯಾಮೆರಾ ಸೊಸೆ ಮುಖಕ್ಕೆ ಮೂರು ಸಲ ನುಗ್ಗುತ್ತೆ, ಪ್ರತಿ ಸಲಾನೂ ಢಂ ಅಂತ ಮ್ಯೂಸಿಕ್, ಒಲೆ ಮೇಲಿನ ಪಾತ್ರೆ ಮಾತ್ರ ಒಂದ್ಸಲಾನೂ ಕಾಣಲ್ಲ ಅಂತ ನೀವು ಹೇಳ್ತಿದ್ರೆ ಆ ಮೂರೂ ಶಾಟ್ ಬೇಕೇ ಬೇಕು, ಬರವಣಿಗೇಲಿ ಅದು ಬರಲ್ಲ. ನಿಮ್ಮ ಮಾತು ಮುಗಿದ ಮೇಲೂ ಸೀನ್ ಸುಮ್ಮನೆ ಓಡ್ತಿದ್ರೆ ಕತ್ತರಿಸಿ. ವಾದ ಸೌಂಡ್ ಬಗ್ಗೆ ಅಲ್ಲ ಅಂದ್ರೆ ಹಿನ್ನೆಲೆ ಸಂಗೀತ ಮ್ಯೂಟ್ ಮಾಡಿ, ಎಷ್ಟೋ ಕ್ಲೇಮ್ ಬರೋದೇ ಅದರಿಂದ. ಸೀರಿಯಲ್, ಚಾನೆಲ್, ಎಪಿಸೋಡ್ ಹೆಸರು ಪರದೆ ಮೇಲೆ ಕೊಡಿ.

ಕ್ಲೇಮ್ ಅಂದ್ರೆ ಸ್ಟ್ರೈಕ್ (ಚಾನೆಲ್ ಮೇಲೆ ಯೂಟ್ಯೂಬ್ ಹಾಕೋ ಎಚ್ಚರಿಕೆ) ಅಲ್ಲ, ಹೆದರ್ಬೇಡಿ. ಸಾಮಾನ್ಯವಾಗಿ ಅದು ಕಂಟೆಂಟ್ ಐಡಿ ಅನ್ನೋ ಯಂತ್ರದ ಕೆಲಸ, ಚಿತ್ರ ಧ್ವನಿ ಮ್ಯಾಚ್ ಆಯ್ತು ಅಂತಷ್ಟೇ ಅದಕ್ಕೆ ಗೊತ್ತು, ನೀವು ವಿಮರ್ಶೆ ಮಾಡ್ತಿದೀರಾ ಕದೀತಿದೀರಾ ಅಂತ ಗೊತ್ತಾಗಲ್ಲ. ಕಾರಣ ಬರೆದು ಡಿಸ್ಪ್ಯೂಟ್ ಹಾಕಿ, ಉತ್ತರ ಕೊಡೋಕೆ ಕ್ಲೇಮ್ ಹಾಕಿದವರಿಗೆ 30 ದಿನ ಇರುತ್ತೆ. ಆದ್ರೆ ಅವರು ಒಪ್ಪದಿದ್ರೂ ಮೊಂಡು ಹಿಡಿದು ಮುಂದೆ ಹೋಗೋ ಮುಂಚೆ ಯೋಚಿಸಿ, ಆಗ ಸ್ಟ್ರೈಕ್ ಬೀಳಬಹುದು, 90 ದಿನದೊಳಗೆ ಮೂರು ಸ್ಟ್ರೈಕ್ ಬಿದ್ರೆ ಚಾನೆಲ್ಲೇ ಹೋಗಬಹುದು.

ಇನ್ನು ಗೈಡ್ ಮಾತು. ಇಲ್ಲಿ ನಂಗೆ ನಿಜವಾಗ್ಲೂ ಬೇಜಾರಾಯ್ತು. ಸಿನಿಮಾ, ಟಿವಿ ಬಗ್ಗೆ ವಿಡಿಯೊ ರೂಪದಲ್ಲೇ ಸಂಶೋಧನೆ ಪ್ರಕಟಿಸೋ 'ಇನ್‌ಟ್ರಾನ್ಸಿಶನ್' ಅನ್ನೋ ಜರ್ನಲ್ ಅಮೆರಿಕದಲ್ಲಿ 2014ರಲ್ಲೇ ಶುರುವಾಗಿದೆ, ಅಲ್ಲಿ ವಿಡಿಯೊ ಜೊತೆ ಮಾಡಿದವರ ಲಿಖಿತ ಟಿಪ್ಪಣಿ ಇರುತ್ತೆ, ಪರಿಶೀಲಿಸಿದ ವಿದ್ವಾಂಸರ ಅಭಿಪ್ರಾಯಾನೂ ಎಲ್ಲರಿಗೂ ಕಾಣೋ ಹಾಗೆ ಪಕ್ಕದಲ್ಲೇ ಹಾಕ್ತಾರೆ. ನೀವೂ ಹಾಗೇ ಮಾಡಿ. ಯಾವ ಸೀರಿಯಲ್, ಎಷ್ಟು ಎಪಿಸೋಡ್ ನೋಡಿದ್ರಿ, ಯಾಕೆ ಅವನ್ನೇ ಆರಿಸಿದ್ರಿ, ಏನು ಕಂಡ್ಕೊಂಡ್ರಿ ಅಂತ ಎರಡು ಪುಟ ಬರೆದು ಮೊದಲು ಅದನ್ನ ಗೈಡ್ ಕೈಗೆ ಕೊಡಿ, ವಿಡಿಯೊ ಆಮೇಲೆ ತೋರಿಸಿ.