ಹಳೇ ಬೊಲೆರೊ ಹಿಂದಿನ ಡಿಫರೆನ್ಶಿಯಲ್ ಸದ್ದು, ಸೋರಿಕೆ

ನಮಸ್ಕಾರ್ರೀ. ಸೆಕೆಂಡ್ ಹ್ಯಾಂಡ್ ಬೊಲೆರೊ, ಜೇವರ್ಗಿ ರೋಡಿಗೆ ಅರವತ್ತು ದಾಟಿದ್ರ ಹಿಂದ ಗುಂಯ್ ಅಂತದ, ಡಿಫರೆನ್ಶಿಯಲ್ (ಹಿಂದಿನ ಎರಡು ಚಕ್ರದ ನಡುವಿನ ಗೇರ್ ಪೆಟ್ಟಿಗಿ) ಕೆಳಗ ಎಣ್ಣಿ ಸೋರ್ತದ, ಮೆಕ್ಯಾನಿಕ್ ಕ್ರೌನ್-ಪಿನಿಯನ್ (ಅದರೊಳಗಿನ ಜೋಡಿ ಗೇರು) ಪೂರಾ ಬದಲಿ ಮಾಡಸ್ರಿ ಅಂತಾನ, ಏನ್ ಮಾಡ್ಲಿ ಅಂತ ಕೇಳೀರಿ. ಈಗೇ ಬ್ಯಾಡ್ರಿ.

ಮೊದ್ಲು ಎಣ್ಣಿ ಎಲ್ಲಿಂದ ಬರ್ತದ ನೋಡ್ರಿ. ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಕ್ಕ ಬರೋ ಉದ್ದನ ರಾಡ್) ಸೇರೋ ಕಡಿ ಹಸಿ ಇದ್ರ ಪಿನಿಯನ್ ಸೀಲ್, ಅಂದ್ರ ಅಲ್ಲಿ ಎಣ್ಣಿ ತಡಿಯೋ ಉಂಗುರ, ಸೋರ್ತದ. ಬ್ರೇಕ್ ಡ್ರಮ್ಮಿನ್ಯಾಗ ಇಳದಿದ್ರ ಆಕ್ಸೆಲ್ ಸೀಲ್, ಅದಕ್ಕ ಮಾತ್ರ ತಡ ಮಾಡಬ್ಯಾಡ್ರಿ, ಬ್ರೇಕ್ ಹಿಡಿಯಂಗಿಲ್ಲ. ಹೌಸಿಂಗ್ (ಹೊರಗಿನ ಕವಚ) ಮ್ಯಾಲಿನ ಬ್ರೀದರ್, ಅಂದ್ರ ಒಳಗಿನ ಗಾಳಿ ಹೊರಗ ಬಿಡೋ ಸಣ್ಣ ತೂತಿನ ಭಾಗ, ಬಿಚ್ಚಿ ತೊಳೀರಿ. ನಮ್ಮ ಎರಿ ಮಣ್ಣು ಅದ್ರಾಗ ಒಣಗಿ ಕುಂತ್ರ ಒಳಗ ಪ್ರೆಶರ್ ಏರಿ ಹೊಸಾ ಸೀಲೂ ಸೋರ್ತದ. ಇದನ್ನ ಬಾಳ ಮಂದಿ ನೋಡಂಗೇ ಇಲ್ಲ.

ಸದ್ದು ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಬದಲಾದ್ರ ಕ್ರೌನ್-ಪಿನಿಯನ್ ಮ್ಯಾಲೆ ಅನುಮಾನ. ಎಡಕ್ಕ ಬಲಕ್ಕ ತಿರುಗಿಸಿದಾಗ ಬದಲಾದ್ರ ಚಕ್ರದ ಬೇರಿಂಗ್ ಇರಬಹುದು, ಖರ್ಚು ಕಮ್ಮಿ.

ಎಣ್ಣಿ ನಿಮ್ಮೆದುರೇ ಇಳಸ್ರಿ, ಆದ್ರ ಮ್ಯಾಲಿನ ಫಿಲ್ಲರ್ ಪ್ಲಗ್ (ಎಣ್ಣಿ ಹಾಕೋ ತೂತಿನ ಬಿರಡಿ) ಬಿಚ್ಚಿದ ಮ್ಯಾಲೇ ಕೆಳಗಿನ ಪ್ಲಗ್ ಬಿಚ್ಚಸ್ರಿ. ಬೆರಳಿಗೆ ಬೂದು ಬಣ್ಣದ ನುಣ್ಣನ ಪುಡಿ ಹತ್ತಿದ್ರ ಚಿಂತಿಲ್ಲ, ಹಲ್ಲಿನ ಚೂರು ಸಿಕ್ರ ಮೆಕ್ಯಾನಿಕ್ ಮಾತು ಖರೇ. ಮ್ಯಾನ್ಯುಯಲ್‌ನ್ಯಾಗಿನ ಗ್ರೇಡಿನ ಎಣ್ಣೀನೇ ಫಿಲ್ಲರ್ ತೂತಿನ ಅಂಚಿನ ತನಕ ಹಾಕಸ್ರಿ. ಸವೆದ ಹಲ್ಲಿನ ಸದ್ದು ಹೊಸಾ ಎಣ್ಣಿಗೆ ಪೂರಾ ಹೋಗಂಗಿಲ್ಲ, ಅಷ್ಟು ತಿಳಕೊಂಡಿರ್ರಿ.